ಅಣ್ಣನ ಕೈಗುಣ

ಕರಾವಳಿಯಲ್ಲಿ ಹುಟ್ಟಿ ತಲೆಗೆ ತೆಂಗಿನೆಣ್ಣೆ ಹಾಕದ ಪ್ರಾಣಿ ನಾನೊಬ್ಬನೇ ಇರಬೇಕು. "ಹಾಕಲಿಕ್ಕೆ ಅಲ್ಲಿ ಏನು ಉಳಿದಿದೆ ಅಂತ?" ಎಂದು ನನ್ನ ಹೆಂಡತಿ ಕೇಳುತ್ತಾಳೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಬಾಚಣಿಗೆಯ ಹಲ್ಲು ಮುರಿಯುವಷ್ಟು ಕೂದಲಿದ್ದ ಕಾಲದಲ್ಲೇ ನಾನು ಅದನ್ನು ಬಿಟ್ಟೆ ಎನ್ನುವುದು ಅವಳಿಗೂ ಗೊತ್ತು. ಮುಂಬಯಿಯ ಚಳಿಗಾಲ ನೆಂಟರ ಹಾಗೆ, ಬಂದರೆ ನಾಲ್ಕು ದಿನ. ಆ ನಾಲ್ಕು ದಿನ ಬಚ್ಚಲಮನೆಯ ಬಾಟಲಿಯಲ್ಲಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ. ಉಳಿದವರು ಅದನ್ನು ಬಿಸಿನೀರಿನಲ್ಲಿಟ್ಟು ಕರಗಿಸಿಕೊಂಡು ತಮ್ಮ ಪಾಡಿಗೆ ತಾವಿರುತ್ತಾರೆ. ನಾನು ಮಾತ್ರ ಆ ದಿನಗಳಲ್ಲಿ ಯಾರೊಡನೆಯೂ ಸರಿಯಾಗಿ ಮಾತಾಡುವುದಿಲ್ಲ.

ಇದಕ್ಕೆ ಕಾರಣ ಒಂದು ಹಳೆಯ ಸ್ಕೂಟರ್ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಅರ್ಧದವರೆಗೆ ಇದು ನಗುವ ಕತೆಯೇ.

ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ನಾನು ಚೆಂಬೂರಿನಲ್ಲಿ ನನ್ನ ಅಣ್ಣ ರಘುರಾಮನ ಮನೆಯಲ್ಲಿದ್ದೆ. ಬಿಲ್ಡಿಂಗಿನ ಎರಡನೆಯ ಮಾಳಿಗೆ, ಒಂದು ಕೋಣೆ, ಒಂದು ಅಡುಗೆಮನೆ, ಒಣಗಿಸಿದ ಬಟ್ಟೆಗಳ ನಡುವೆ ಅಷ್ಟೋ ಇಷ್ಟೋ ಕಾಣುವ ಒಂದು ಬಾಲ್ಕನಿ. ಅಣ್ಣ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರ್. ಅತ್ತಿಗೆ ಸರೋಜಿನಿ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರ್. ನಾನು ಇಪ್ಪತ್ತನಾಲ್ಕು ವರ್ಷದ ಗುಮಾಸ್ತ. ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಕಾಗದದ ಮೇಲೆ ಕಾಗದ ಇಡುವುದು ನನ್ನ ಉದ್ಯೋಗ. ಕೈಯಿಂದ ಒಂದು ಮೊಳೆ ಹೊಡೆದು ಗೊತ್ತಿಲ್ಲದ ಮನುಷ್ಯ. ಹೊಡೆದರೆ ಅದು ಗೋಡೆಗಿಂತ ನನ್ನ ಹೆಬ್ಬೆರಳನ್ನೇ ಇಷ್ಟಪಡುತ್ತಿತ್ತು.

ಅಣ್ಣ ಹಾಗಲ್ಲ. ಅವನಿಗೆ ಕೈಗುಣವಿತ್ತು. ಕೆಲವು ವೈದ್ಯರ ಕೈಯಲ್ಲಿ ನೀರು ಕುಡಿದರೂ ಜ್ವರ ಬಿಡುತ್ತದೆ ಎನ್ನುತ್ತೇವಲ್ಲ, ಅಂಥ ಕೈ. ಅವನು ನೆಟ್ಟ ತುಳಸಿ ಡಾಲ್ಡಾ ಡಬ್ಬಿಯಲ್ಲೂ ಮೊಣಕಾಲೆತ್ತರ ಬೆಳೆಯಿತು. ಹೋಟೆಲಿನ ಗ್ರೈಂಡರ್ ಮುನಿಸಿಕೊಂಡರೆ ಮೇಸ್ತ್ರಿಗೆ ಹೇಳಿಕಳಿಸುವ ಮೊದಲು ಇವನು ಹೋಗಿ ಎರಡು ಸಲ ತಟ್ಟಿ ನೋಡುತ್ತಿದ್ದ. ಮಹಡಿಯ ಎಂಟು ಮನೆಗಳ ಫ್ಯೂಸು, ನಲ್ಲಿ, ಸ್ಟೋವಿನ ಪಿನ್ನು, ಬಾಗಿಲ ಚಿಲಕ ಎಲ್ಲದಕ್ಕೂ ಅವನೇ. ಒಂದು ಸಲ ಅತ್ತಿಗೆ ನನ್ನೆದುರೇ ಹೇಳಿದ್ದಳು: "ಮದುವೆಗೆ ಮುಂಚೆ ಇವರ ಮುಖ ನಾನು ಸರಿ ನೋಡ್ಲೇ ಇಲ್ಲ ವಾಸು. ಕೈ ನೋಡಿ ಒಪ್ಪಿದ್ದು." ಅಣ್ಣ ಕೆಂಪಾಗಿ ಎದ್ದು ಬಾಲ್ಕನಿಗೆ ಹೋಗಿದ್ದ.

ಸ್ಕೂಟರು ನಮ್ಮ ಮನೆಗೆ ಬರುವಾಗಲೇ ಮೂರು ಯಜಮಾನರನ್ನು ಕಂಡಿತ್ತು. ಬಣ್ಣ ಹಸಿರೋ ಬೂದಿಯೋ ಎಂದು ಹೇಳುವುದು ನೋಡುವವರ ದೊಡ್ಡತನಕ್ಕೆ ಬಿಟ್ಟದ್ದು. ಅತ್ತಿಗೆಯ ಶಾಲೆಗೆ ನೇರ ಬಸ್ಸಿರಲಿಲ್ಲ. ಬೆಳಿಗ್ಗೆ ಅವಳನ್ನು ಬಿಟ್ಟು ಹೋಟೆಲಿಗೆ ಹೋಗಬಹುದು ಎಂದು ಅಣ್ಣ ಅದನ್ನು ತಂದ. ತಂದ ಭಾನುವಾರವೇ ಅದರ ಹೊಟ್ಟೆ ಬಿಚ್ಚಿ ಕೂತ. "ಗಾಡಿ ಓಡಿಸ್ಲಿಕ್ಕೆ ಕಲಿಯುವ ಮೊದ್ಲು ಬಿಚ್ಲಿಕ್ಕೆ ಕಲೀಬೇಕು ಮಾರಾಯ. ನಾಳೆ ಹೈವೇಯಲ್ಲಿ ನಿಂತ್ರೆ ನಿನ್ನ ಆಫೀಸಿನ ಸಾಹೇಬ ಬರ್ತಾನಾ?" ಎಂದು ನನ್ನನ್ನೂ ಎದುರಿಗೆ ಕೂರಿಸಿಕೊಂಡ.

ಅಣ್ಣನಿಗೆ ಕಲಿಸಿದವರು ಯಾರೂ ಇಲ್ಲ. ಗಾಡಿಯ ಜೊತೆ ಒಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ಅದರಲ್ಲಿ ಮೊದಲ ಹನ್ನೆರಡು ಪುಟವೂ ಕೊನೆಯ ಎಷ್ಟೋ ಪುಟವೂ ಇರಲಿಲ್ಲ. ಅಣ್ಣನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನನಗೆ ಯಂತ್ರ ಅಷ್ಟಕ್ಕಷ್ಟೆ. ಆದ್ದರಿಂದ ನಾನು ಓದಿ ಕನ್ನಡ ಮಾಡುವುದು, ಅವನು ಕೇಳಿ ಬಿಚ್ಚುವುದು ಎಂದಾಯಿತು. ಪೆಟ್ರೋಲು ಇಂಜಿನ್ನಿಗೆ ಹೋಗುವ ಮೊದಲು ಗಾಳಿಯೊಂದಿಗೆ ಬೆರೆಯುವ ಕಾರ್ಬೊರೇಟರ್ ಎಂಬ ಪುಟ್ಟ ಡಬ್ಬಿಯಿದೆಯಲ್ಲ, ಅದರ 'ಫ್ಲೋಟ್ ಚೇಂಬರ್' ಎಂಬುದನ್ನು 'ತೇಲುವವನ ಕೋಣೆ' ಎಂದು ನಾನು ಗಂಭೀರವಾಗಿ ಕನ್ನಡ ಮಾಡಿದಾಗ ಅಣ್ಣ ಸ್ಪ್ಯಾನರ್ ಕೆಳಗಿಟ್ಟು ನಕ್ಕದ್ದು ಈಗಲೂ ಕಿವಿಯಲ್ಲಿದೆ. "ಬಾಡಿಗೆಗೆ ಕೊಡ್ತಾರಾ ಕೇಳು. ಚೆಂಬೂರಲ್ಲಿ ಕೋಣೆ ಸಿಗುದಿಲ್ಲ."

ಬಿಚ್ಚುವುದು ಸುಲಭ. ಮತ್ತೆ ಕೂಡಿಸುವಾಗ ಯಾವುದರ ಹಿಂದೆ ಯಾವುದು ಎಂಬುದೇ ಕಷ್ಟ. ಅದಕ್ಕೆ ಅಣ್ಣ ತನ್ನದೇ ದಾರಿ ಕಂಡುಕೊಂಡ. ಹಳೆಯ ಪೇಪರನ್ನು ಬಾಳೆಲೆಯ ಹಾಗೆ ಉದ್ದಕ್ಕೆ ಹಾಸುತ್ತಿದ್ದ. ಮೊದಲು ಬಿಚ್ಚಿದ ಸ್ಕ್ರೂ ಎಡತುದಿಯಲ್ಲಿ, ಅದು ಉಪ್ಪು. ಅದರ ವಾಷರು ಉಪ್ಪಿನಕಾಯಿ. ಆಮೇಲೆ ಬಂದದ್ದು ಕೋಸಂಬರಿ, ಪಲ್ಯ, ಹೀಗೆ ಅನ್ನದವರೆಗೆ, ಸಾರಿನವರೆಗೆ, ಕಡೆಗೆ ಮಜ್ಜಿಗೆಯವರೆಗೆ. ಬಡಿಸಿದ ಕ್ರಮದಲ್ಲಿ ಬಿಚ್ಚಿದ್ದು, ಕೂಡಿಸುವಾಗ ಮಜ್ಜಿಗೆಯಿಂದ ಹಿಂದಕ್ಕೆ ಉಪ್ಪಿಗೆ ಬರಬೇಕು. "ವಾಸು, ಪಲ್ಯ ಕೊಡು" ಎಂದರೆ ನಾನು ಸ್ಪ್ರಿಂಗು ಎತ್ತಿ ಕೊಡಬೇಕು. ಒಂದು ವಾಷರು ಎಲೆಯ ಮೇಲೆ ಉಳಿದರೂ ಅವನು ಒಪ್ಪುತ್ತಿರಲಿಲ್ಲ. "ಉಪ್ಪಿನಕಾಯಿ ಇಲ್ಲದೆ ಊಟ ಆಗ್ತದೆ, ಗಾಡಿ ಆಗುದಿಲ್ಲ" ಎಂದು ಮತ್ತೆ ಮೊದಲಿನಿಂದ ಬಿಚ್ಚುತ್ತಿದ್ದ.

ಕೆಳಗಿನ ಮಾಳಿಗೆಯಲ್ಲಿ ಬಿಜಾಪುರದ ಕಡೆಯ ಬಸಪ್ಪ ಇದ್ದ. ಕಟ್ಟಡದ ಕೆಲಸದಲ್ಲಿ ಕೂಲಿಗಳನ್ನು ನೋಡಿಕೊಳ್ಳುವ ಮುಕಾದಮ. ಅವನು ಭಾನುವಾರ ಕಾಲುಚಾಚಿ ಕಟ್ಟೆಯ ಮೇಲೆ ಕೂತು ನಮ್ಮ ಆಟ ನೋಡುತ್ತಿದ್ದ. "ಏನ್ರೀ ಅಣ್ಣಾವ್ರ, ಗಾಡಿ ಹೊಟ್ಟಿ ಬಗದು ಊಟಕ್ಕ ಬಡಿಸೀರಲ್ಲ! ಮದ್ಲ ಯಾರ್ ಕುಂಡ್ರತೀರಿ ಪಂಕ್ತಿಗೆ?" ಎನ್ನುತ್ತಿದ್ದ. ನಗುತ್ತಿದ್ದನಾದರೂ ಗಾಡಿ ಒಂದೇ ಒದೆಗೆ ಶುರುವಾದಾಗ ಎದ್ದು ನಿಂತು ಚಪ್ಪಾಳೆ ಹೊಡೆಯುವವನೂ ಅವನೇ.

ಆರು ತಿಂಗಳು ಕಳೆದ ಮೇಲೆ ಅಣ್ಣ ನನಗೊಂದು ಸ್ವತಂತ್ರ ಖಾತೆ ಕೊಟ್ಟ. ಕೇಬಲ್ಲುಗಳಿಗೆ ಎಣ್ಣೆ ಹಾಕುವ ಖಾತೆ. ಹ್ಯಾಂಡಲ್ಲಿನಿಂದ ಇಂಜಿನ್ನಿಗೆ ಹೋಗುವ ತಂತಿಗಳು ಕೊಳವೆಯೊಳಗೆ ಸರಾಗ ಜಾರಬೇಕಾದರೆ ಭಾನುವಾರಕ್ಕೊಮ್ಮೆ ಎರಡೆರಡು ಹನಿ ಮೆಷಿನ್ ಆಯಿಲ್ ಬಿಡಬೇಕು. ಅದಕ್ಕೊಂದು ಉದ್ದ ಮೂತಿಯ ಡಬ್ಬಿಯಿತ್ತು. ಅಕ್ಟೋಬರಿನ ಒಂದು ಭಾನುವಾರ ಡಬ್ಬಿ ಖಾಲಿ, ಅಂಗಡಿ ಬಂದ್. ನಾನು ಮೇಲೆ ಹೋಗಿ ಅತ್ತಿಗೆಯ ಕಪಾಟಿನಿಂದ ತೆಂಗಿನೆಣ್ಣೆ ಬಗ್ಗಿಸಿಕೊಂಡು ಬಂದೆ.

ನಮ್ಮೂರಿನವರು ಇದನ್ನು ತಪ್ಪೆಂದು ಹೇಳಲಾರರು. ಬಾವಿಯ ರಾಟೆ ಕಿರ್ರೆಂದರೆ ತೆಂಗಿನೆಣ್ಣೆ, ಬಾಗಿಲ ತಿರುಗಣೆಗೆ ತೆಂಗಿನೆಣ್ಣೆ, ಕೊಡೆಯ ಕಡ್ಡಿಗೆ, ಸೈಕಲ್ ಚೈನಿಗೆ, ಮಗುವಿನ ನೆತ್ತಿಗೆ, ಮುದುಕರ ಮಂಡಿಗೆ ಎಲ್ಲಕ್ಕೂ ಅದೇ. ಸ್ಕೂಟರೇನು ದೇವಲೋಕದಿಂದ ಇಳಿದದ್ದೇ? ಅಕ್ಟೋಬರಿನ ಉರಿಬಿಸಿಲಿಗೆ ಎಣ್ಣೆ ನೀರಿನ ಹಾಗೆ ಇಳಿಯಿತು. ಮರುದಿನ ಅಣ್ಣ ಆಕ್ಸಿಲರೇಟರ್ ತಿರುಗಿಸಿ ಹುಬ್ಬೇರಿಸಿದ. "ಭಾರೀ ನೈಸ್ ಆಗಿದೆಯಲ್ಲ! ನಿಂಗೂ ಕೈಗುಣ ಬಂತು ಮಾರಾಯ." ನನ್ನ ಜೀವಮಾನದಲ್ಲಿ ಅಣ್ಣ ನನ್ನ ಕೈಯನ್ನು ಹೊಗಳಿದ್ದು ಅದೊಂದೇ ಸಲ. ಎಣ್ಣೆ ಯಾವುದೆಂದು ನಾನು ಹೇಳಲಿಲ್ಲ. ಅಲ್ಪವಿದ್ಯಾ ಮಹಾಗರ್ವಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಹೊಸ ಡಬ್ಬಿ ಬಂದ ಮೇಲೂ ನಾನು ಗುಟ್ಟಾಗಿ ತೆಂಗಿನೆಣ್ಣೆಯನ್ನೇ ಮುಂದುವರಿಸಿದೆ, ಹೊಗಳಿಕೆ ಇನ್ನೊಮ್ಮೆ ಸಿಕ್ಕೀತು ಎಂದು.

ಜನವರಿಯ ಒಂದು ಭಾನುವಾರ ಅಣ್ಣ ಕಾರ್ಬೊರೇಟರ್ ಬಿಚ್ಚಿ ತೊಳೆದು ಕೂಡಿಸಿದ. ಪೇಪರಿನ ಮೇಲೆ ಏನೂ ಉಳಿಯಲಿಲ್ಲ. ನಾನು ಆ ದಿನ ಉದಾರವಾಗಿ ಎಣ್ಣೆ ಕುಡಿಸಿದೆ. ಮರುದಿನ ಬೆಳಿಗ್ಗೆ ಏಳುವಾಗ ಚೆಂಬೂರಿನಲ್ಲಿ ಎಂದೂ ಕಾಣದ ಚಳಿ. ನಾನು ಬಾಲ್ಕನಿಯಲ್ಲಿ ಶಾಲು ಹೊದ್ದು ಹಲ್ಲುಜ್ಜುತ್ತಿದ್ದೆ. ಕೆಳಗೆ ಅತ್ತಿಗೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಹಿಂದೆ ಒಂದು ಬದಿಗೆ ಕೂತಳು. ಅಣ್ಣ ಆಕ್ಸಿಲರೇಟರ್ ತಿರುಗಿಸಿ, "ಯಾಕೋ ಬಿಗಿ ಉಂಟಲ್ಲ ಇವತ್ತು" ಎಂದ. ಅತ್ತಿಗೆಗೆ ಪ್ರಾರ್ಥನೆಯ ಹೊತ್ತಾಗಿತ್ತು. "ಚಳಿಗೆ ಇರ್ಬೇಕು. ಹೋಗುವ" ಎಂದಳು. ಹೋದರು.

ರಿಫೈನರಿಯ ಕಡೆಗೆ ಹೊರಳುವ ತಿರುವಿನಲ್ಲಿ ಎದುರಿಗೆ ಟ್ಯಾಂಕರ್ ನಿಂತಿತ್ತಂತೆ. ಅಣ್ಣ ಆಕ್ಸಿಲರೇಟರ್ ಬಿಟ್ಟ. ಇಂಜಿನ್ ಬಿಡಲಿಲ್ಲ. ಕ್ಲಚ್ ಒತ್ತಿದರೆ ಅದು ಕೂಗಿಕೊಂಡಿತು. ಗಾಬರಿಯಲ್ಲಿ ಬ್ರೇಕ್ ತುಳಿದ. ಮಂಜಿಗೆ ಒದ್ದೆಯಾದ ರಸ್ತೆಯಲ್ಲಿ ಗಾಡಿ ಮಗ್ಗುಲಾಯಿತು. ಅಣ್ಣನ ಮೊಣಕೈ ತರಚಿತು. ಅತ್ತಿಗೆ ಫುಟ್‌ಪಾತಿನ ಕಲ್ಲಿನ ಅಂಚಿಗೆ ಸೊಂಟ ಕೊಟ್ಟು ಬಿದ್ದಳು.

ಮುರಿದ ಮೂಳೆ ಕೂಡಲು ತಿಂಗಳುಗಳು ಹಿಡಿದವು. ಕೂಡಿದ ಮೇಲೂ ಎಡಗಾಲು ಸ್ವಲ್ಪ ಗಿಡ್ಡವಾಗಿ ಉಳಿಯಿತು. ಕ್ಲಾಸಿನಲ್ಲಿ ಬೆಂಚುಗಳ ನಡುವೆ ಓಡಾಡಿಕೊಂಡೇ ಪಾಠ ಹೇಳುತ್ತಿದ್ದವಳು ಅಂದಿನಿಂದ ಕುರ್ಚಿಯ ಟೀಚರಾದಳು.

ಬಿದ್ದ ದಿನವೇ ಸ್ಕೂಟರನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಬಸಪ್ಪ ತಳ್ಳಿಕೊಂಡು ಬಂದಿದ್ದ. ಮಾರನೆಯ ಮಧ್ಯಾಹ್ನ ಆಸ್ಪತ್ರೆಯಿಂದ ಬಂದ ಅಣ್ಣ ಸ್ನಾನವನ್ನೂ ಮಾಡದೆ ಆಕ್ಸಿಲರೇಟರ್ ತಿರುಗಿಸಿ ನೋಡಿದ. ಬೆಣ್ಣೆಯ ಹಾಗೆ ತಿರುಗಿ ಬೆಣ್ಣೆಯ ಹಾಗೆ ಹಿಂದಕ್ಕೆ ಬಂತು. ಕೇಬಲ್ಲಿನಲ್ಲಿ ದೋಷವಿಲ್ಲ ಎಂದಾಯಿತು. ಹಾಗಾದರೆ ತಾನು ಭಾನುವಾರ ಕೂಡಿಸಿದ ಕಾರ್ಬೊರೇಟರಿನಲ್ಲೇ ಎಡವಟ್ಟು. ಪೇಪರ್ ಹಾಸಿ ಬಿಚ್ಚಿದ, ಕೂಡಿಸಿದ, ಮತ್ತೆ ಬಿಚ್ಚಿದ. ಎಲ್ಲವೂ ತನ್ನ ತನ್ನ ಜಾಗದಲ್ಲಿತ್ತು. ಅವನು ನಂಬಲಿಲ್ಲ. "ಎಲ್ಲೋ ತಪ್ಪಿದ್ದೇನೆ ವಾಸು. ಎಲ್ಲಿ ಅಂತ ಕಾಣುದಿಲ್ಲ" ಎಂದು ಪೇಪರಿನ ಮುಂದೆ ಹಾಗೇ ಕೂತ.

ನನಗೆ ಕಂಡದ್ದು ಮೂರನೆಯ ಬೆಳಿಗ್ಗೆ. ಚಳಿ ಇನ್ನೂ ಇತ್ತು. ಆಸ್ಪತ್ರೆಯಲ್ಲಿ ಅತ್ತಿಗೆಯ ತಲೆ ಬಾಚಲು ಎಣ್ಣೆ ಬೇಕಿತ್ತು. ಬಾಟಲಿ ಹಿಡಿದು ಮೆಟ್ಟಿಲಿಳಿಯುತ್ತಿದ್ದಾಗ ಬಸಪ್ಪ ಅದನ್ನು ನೋಡಿ, ನನ್ನನ್ನು ಸ್ವಲ್ಪ ನಗಿಸೋಣವೆಂದೇ ಇರಬೇಕು, "ನಿಮ್ಮ ಕೊಬ್ರಿ ಎಣ್ಣಿ ಥಂಡಿಗಿ ಅಂಜಿ ಕಲ್ಲಾಗೇತಿ ನೋಡ್ರಿ. ನಮ್ಮ ಕುಸುಬಿ ಎಣ್ಣಿ ಯಾವ ಥಂಡಿಗೂ ಅಂಜಂಗಿಲ್ಲ" ಎಂದ. ನಾನು ಬಾಟಲಿಯನ್ನು ತಲೆಕೆಳಗು ಮಾಡಿದೆ. ಒಂದು ಹನಿ ಜಾರಲಿಲ್ಲ. ಸ್ಕೂಟರಿನ ಹತ್ತಿರ ಹೋಗಿ ಆಕ್ಸಿಲರೇಟರ್ ತಿರುಗಿಸಿ ಬಿಟ್ಟೆ. ತಿರುಗಿದ್ದು ತಿರುಗಿದ ಹಾಗೇ ನಿಂತಿತು. ಕೇಬಲ್ಲನ್ನು ಎರಡು ಅಂಗೈಗಳ ನಡುವೆ ಹಿಡಿದು ಉಜ್ಜುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಅದು ಸದ್ದಿಲ್ಲದೆ ಹಿಂದಕ್ಕೆ ಸರಿಯಿತು.

ಬಸಪ್ಪ "ಏನಾತ್ರೀ?" ಎಂದ. "ಏನಿಲ್ಲ" ಎಂದೆ. ಆ 'ಏನಿಲ್ಲ' ಎಷ್ಟು ಸಲೀಸಾಗಿ ಬಾಯಿಂದ ಬಂತು ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹೇಳಬೇಕೆಂದೇ ಆಸ್ಪತ್ರೆಗೆ ಹೋದೆ. ಅಲ್ಲಿ ಅತ್ತಿಗೆಯ ತಂದೆ ಊರಿನಿಂದ ಬಂದು ಕೂತಿದ್ದರು. ವಾರ್ಡಿನ ಹೊರಗೆ, ಓಡಾಡುವವರ ನಡುವೆ, ಅವರು ಅಣ್ಣನನ್ನು ನಿಲ್ಲಿಸಿ ಹೇಳುತ್ತಿದ್ದರು: "ಹೋಟೆಲಿನವ ಹೋಟೆಲಿನ ಕೆಲಸ ಮಾಡ್ಬೇಕು. ನಿಮ್ಮನ್ನು ಮೆಕ್ಯಾನಿಕ್ ಆಗ್ಲಿಕ್ಕೆ ಹೇಳಿದ್ದು ಯಾರು? ನನ್ನ ಮಗಳ ಮೇಲೆಯೇ ಕಲೀಬೇಕಿತ್ತಾ?" ಅಣ್ಣ ತಲೆತಗ್ಗಿಸಿ, "ಹೌದು ಮಾವ, ನನ್ನ ಕೈಯಿಂದಲೇ ಆದದ್ದು" ಎಂದ. ನಾನು ಪಕ್ಕದಲ್ಲೇ ಕಾಫಿಯ ಫ್ಲಾಸ್ಕ್ ಹಿಡಿದುಕೊಂಡು ನಿಂತಿದ್ದೆ. ಒಂದು ವಾಕ್ಯ ಸಾಕಿತ್ತು. ನಾನು ಮುಚ್ಚಳ ತೆಗೆದು ಕಾಫಿ ಬಗ್ಗಿಸಿದೆ.

ಇವತ್ತು ಬೇಡ, ಅತ್ತಿಗೆ ಮನೆಗೆ ಬರಲಿ ಎಂದುಕೊಂಡೆ. ಬಂದಳು. ಪ್ಲಾಸ್ಟರ್ ಬಿಚ್ಚಲಿ ಎಂದುಕೊಂಡೆ. ಬಿಚ್ಚಿದರು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು ಎನ್ನುತ್ತಾರೆ. ಆಡದ ಮಾತಿನದು ಅದಕ್ಕಿಂತ ಕಷ್ಟ. ಒಂದು ವಾರ ತಡವಾದರೆ ತಪ್ಪಿನ ಜೊತೆ ತಡವಾದದ್ದಕ್ಕೂ ಕಾರಣ ಕೊಡಬೇಕು. ಒಂದು ವರ್ಷವಾದರೆ ತಪ್ಪು ಚಿಕ್ಕದಾಗಿ ತಡವೇ ದೊಡ್ಡದಾಗುತ್ತದೆ. ನಾನು ಹೇಡಿ ಎಂದು ನನಗೆ ಗೊತ್ತಾಗಲು ಬೇರೆ ಯಾರ ಸಾಕ್ಷಿಯೂ ಬೇಕಾಗಲಿಲ್ಲ.

ಅಣ್ಣ ಸ್ಕೂಟರನ್ನು ಯಾರಿಗೋ ಕೊಟ್ಟುಬಿಟ್ಟ. ಸ್ಪ್ಯಾನರುಗಳನ್ನು ಬಸಪ್ಪನಿಗೆ ದಾಟಿಸಿದ. ಅದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಫ್ಯೂಸ್ ಹೋದರೆ ಕತ್ತಲಲ್ಲಿ ಕೂತು ಇಲೆಕ್ಟ್ರಿಶಿಯನ್ನಿಗೆ ಕಾಯತೊಡಗಿದ. ನಲ್ಲಿ ಸೋರಿದರೆ ಕೆಳಗೆ ಬಕೆಟ್ ಇಟ್ಟು ಸುಮ್ಮನಾದ. ಮಹಡಿಯವರು ಬಂದು ಕರೆದರೆ, "ಬೇಡಿ, ನನ್ನ ಕೈಗುಣ ಸರಿಯಿಲ್ಲ" ಎನ್ನುತ್ತಿದ್ದ. ಮೊದಮೊದಲು ತಮಾಷೆಯೆಂದು ನಕ್ಕವರು ಆಮೇಲೆ ಕರೆಯುವುದನ್ನೇ ಬಿಟ್ಟರು. ಅತ್ತಿಗೆ ಮೆಟ್ಟಿಲು ಹತ್ತುವಾಗ ಆಸರೆ ಬೇಕಾಗುತ್ತಿತ್ತು. ಅಣ್ಣ ಹಿಂದೆಯೇ ನಿಂತು ನನಗೆ ಹೇಳುತ್ತಿದ್ದ: "ನೀನು ಹಿಡ್ಕೊ ವಾಸು. ನಾನು ಬೇಡ." ಅತ್ತಿಗೆ ಒಂದು ಕ್ಷಣ ತಿರುಗಿ ಅವನನ್ನು ನೋಡಿ, ಆಮೇಲೆ ನನ್ನ ಭುಜದ ಮೇಲೆ ಕೈಯಿಡುತ್ತಿದ್ದಳು. ಅಷ್ಟು ಹಗುರವಾದ ಆ ಕೈಯ ಭಾರದಲ್ಲಿ ನಾನು ಎಷ್ಟು ಸಲ ಎರಡು ಮಾಳಿಗೆ ಹತ್ತಿದೆನೋ ಲೆಕ್ಕವಿಲ್ಲ.

ಏಳು ವರ್ಷ ಹೀಗೆ ಕಳೆಯಿತು. ಆ ನಡುವೆ ನನಗೆ ಮದುವೆಯಾಗಿ ದಹಿಸರ್‌ಗೆ ಮನೆ ಬದಲಾಯಿಸಿದೆ. ದೂರವಾದರೆ ಮನಸ್ಸಿಗೂ ದೂರವಾದೀತು ಎಂಬ ಆಸೆ ಇತ್ತೆಂದು ಕಾಣುತ್ತದೆ. ಹೆಂಡತಿಗೂ ನಾನು ಏನೂ ಹೇಳಿರಲಿಲ್ಲ.

ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ಅಣ್ಣ, ಅತ್ತಿಗೆ ಎರಡು ಲೋಕಲ್ ಬದಲಾಯಿಸಿ ಬಂದರು. ನಮ್ಮಲ್ಲಿ ತೊಟ್ಟಿಲನ್ನು ಮನೆಯ ಹಿರಿಯನೇ ಕಟ್ಟಬೇಕು. ತಂದೆಯಿಲ್ಲದ ನಮಗೆ ಹಿರಿಯನೆಂದರೆ ಅಣ್ಣ. ಸೂರಿನ ಕೊಕ್ಕೆಯ ಕೆಳಗೆ ಸ್ಟೂಲ್ ಇಟ್ಟಾಗಿತ್ತು. ನನ್ನ ಹೆಂಡತಿ ಹೊಸ ಹಗ್ಗವನ್ನು ತಟ್ಟೆಯಲ್ಲಿಟ್ಟು ಅರಸಿನ ಹಚ್ಚಿ ಅಣ್ಣನ ಮುಂದೆ ಹಿಡಿದಳು. ಅಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನಾನು ಕಟ್ಟುದಿಲ್ಲ. ಬೇರೆ ಯಾರಾದ್ರೂ ಕಟ್ಲಿ."

ಹೆಂಡತಿಗೆ ಅರ್ಥವಾಗಲಿಲ್ಲ. "ನೀವೇ ಕಟ್ಬೇಕು ಭಾವ" ಎಂದಳು.

"ಬೇಡಮ್ಮ. ಮಗು ಮಲಗುವ ತೊಟ್ಟಿಲು. ನಾನು ಕಟ್ಟಿದ್ದು ನಿಲ್ಲುದಿಲ್ಲ."

ಒಳಗಿನ ಕೋಣೆಯಲ್ಲಿ ಮಗು ಅಳುತ್ತಿತ್ತು. ನಾನು ಅಣ್ಣನ ತೋಳು ಹಿಡಿದು ಬಾಲ್ಕನಿಗೆ ಎಳೆದುಕೊಂಡು ಹೋಗಿ ಬಾಗಿಲು ಮುಚ್ಚಿದೆ. ಏಳು ವರ್ಷ ಗಂಟಲಲ್ಲಿದ್ದದ್ದು ಎರಡು ನಿಮಿಷದಲ್ಲಿ ಮುಗಿಯಿತು. ತೆಂಗಿನೆಣ್ಣೆ ಹಾಕಿದ್ದು, ಅದು ಚಳಿಗೆ ಕೇಬಲ್ಲಿನೊಳಗೆ ಗಟ್ಟಿಯಾದದ್ದು, ಮಧ್ಯಾಹ್ನಕ್ಕೆ ಕರಗಿಹೋದದ್ದು, ಮೂರನೆಯ ದಿನವೇ ನನಗೆ ಗೊತ್ತಾದದ್ದು. ಮೂರನೆಯ ದಿನವೇ ಎಂಬುದನ್ನು ಹೇಳುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ.

ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆಯಲಿ ಎಂದು ಬಯಸಿದ್ದೆ. ಅಣ್ಣ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. ಆಮೇಲೆ ಕೇಳಿದ:

"ಅಂದ್ರೆ... ನಾನು ಫಿಟ್ ಮಾಡಿದ್ದು ಬರಾಬರ್ ಇತ್ತಾ?"

"ಬರಾಬರ್ ಇತ್ತು ಅಣ್ಣ."

"ಎಲ್ಲ? ಕಾರ್ಬೊರೇಟರ್ ಎಲ್ಲ?"

"ಎಲ್ಲ ಸರಿಯಿತ್ತು."

ಅವನ ಕಣ್ಣು ತುಂಬಿತು. ಮುಖ ಮಾತ್ರ ನಗುತ್ತಿತ್ತು, ಪಾಸಾದೆ ಎಂದು ತಿಳಿದ ಹುಡುಗನ ಹಾಗೆ. ನನ್ನ ಮೇಲೆ ಸಿಟ್ಟು ಮಾಡಬೇಕೆಂಬುದು ಅವನಿಗೆ ಹೊಳೆಯಲೇ ಇಲ್ಲ. ಬಾಗಿಲು ತೆರೆದು, ಅಷ್ಟೂ ಜನರ ನಡುವೆ, "ಸರೋಜಾ, ಕೇಳಿದ್ಯಾ? ನಾನು ಫಿಟ್ ಮಾಡಿದ್ದು ಬರಾಬರ್ ಇತ್ತಂತೆ! ಎಣ್ಣೆ ಗಟ್ಟಿಯಾದದ್ದಂತೆ. ವಾಸು ತೆಂಗಿನೆಣ್ಣೆ ಹಾಕಿದ್ದಂತೆ!" ಎಂದು ಕೂಗಿ ಹೇಳಿದ. ಯಾರಿಗೂ ತಲೆಬುಡ ತಿಳಿಯದೆ ಅವನ ಸಂತೋಷಕ್ಕೆ ತಾವೂ ನಕ್ಕರು. ಅವನು ಸ್ಟೂಲ್ ಹತ್ತಿ ಹಗ್ಗ ಕಟ್ಟತೊಡಗಿದ. ಬೆರಳುಗಳು ಗಂಟನ್ನು ಮರೆತಿದ್ದವು. ಮೂರು ಸಲ ಕಟ್ಟಿ ಬಿಚ್ಚಿ, ನಾಲ್ಕನೆಯ ಸಲಕ್ಕೆ ನಿಲ್ಲಿಸಿದ.

ಅತ್ತಿಗೆ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ನಗಲಿಲ್ಲ. ನನ್ನನ್ನು ಕಣ್ಣಿನಲ್ಲೇ ಹತ್ತಿರ ಕರೆದಳು. ಹೋಗಿ ಅವಳ ಕಾಲ ಬುಡದಲ್ಲಿ ನೆಲದ ಮೇಲೆ ಕೂತು, "ನಿಮ್ಮ ಕಾಲು ನನ್ನಿಂದ ಹಾಳಾಯಿತು ಅತ್ತಿಗೆ" ಎಂದೆ.

"ಕಾಲಿನದ್ದು ಬಿಡು ವಾಸು. ಅದು ಗೊತ್ತಿಲ್ಲದೆ ಆದದ್ದು" ಎಂದಳು. ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ, ಶಾಲೆಯ ಮಗುವಿಗೆ ತಪ್ಪು ತೋರಿಸುವಷ್ಟು ಸಮಾಧಾನದಲ್ಲಿ. "ಏಳು ವರ್ಷ ಇವರು ನನ್ನನ್ನು ಮುಟ್ಲಿಕ್ಕೇ ಹೆದರಿದ್ರು. ಮದುವೆ ಆಗುವವರೆಗೆ ನೀನು ಅದೇ ಮನೆಯಲ್ಲಿದ್ದಿ. ನಿಂಗೆ ಕಾಣ್ತಿತ್ತಲ್ಲ?"

ಕಾಣುತ್ತಿತ್ತು.